ಜೊವಾನ್ನಿ ಸ್ಪಾನೊ

ಜೊವಾನ್ನಿ ಸ್ಪಾನೊ (3 ಮಾರ್ಚ್ 1803 – 3 ಏಪ್ರಿಲ್ 1878) ಮೆಡಿಟರೇನಿಯನ್ ಸಮುದ್ರದ ಸಾರ್ಡಿನಿಯಾ ದ್ವೀಪದ ಪುರಾತತ್ತ್ವಜ್ಞ, ಭಾಷಾಶಾಸ್ತ್ರಜ್ಞ ಹಾಗೂ ಕ್ಯಾಥೊಲಿಕ್ ಪಾದ್ರಿ. ದ್ವೀಪದಾದ್ಯಂತ ಹರಡಿರುವ ನುರಾಗೆ ಎಂಬ ಪ್ರಾಗೈತಿಹಾಸಿಕ ಕಲ್ಲಿನ ಗೋಪುರಗಳು ಸಮಾಧಿಗಳೂ ಅಲ್ಲ, ದೇವಾಲಯಗಳೂ ಅಲ್ಲ, ಜನರು ಬದುಕಿದ ಮನೆಗಳು ಎಂಬ ವಾದವನ್ನು ಅವರು ವ್ಯವಸ್ಥಿತವಾಗಿ ಮಂಡಿಸಿದರು. ಸಾರ್ಡಿನಿಯಾದ ಮೊದಲ ಪುರಾತತ್ತ್ವ ಪತ್ರಿಕೆಯ ಸ್ಥಾಪಕರೂ, ಸಾರ್ಡಿನಿಯನ್ ಭಾಷೆಯ ವ್ಯಾಕರಣ ಮತ್ತು ನಿಘಂಟುಗಳ ಕರ್ತೃವೂ ಆಗಿದ್ದ ಸ್ಪಾನೊ, ಕಾಲ್ಯಾರಿ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ಹಾಗೂ ಇಟಲಿ ಸಾಮ್ರಾಜ್ಯದ ಸೆನೆಟ್ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು. ಆರ್ಬೊರೇಯಾ ಪತ್ರಗಳು ಎಂದು ಹೆಸರಾದ ಕೃತಕ ದಾಖಲೆಗಳನ್ನು ನಿಜವೆಂದು ನಂಬಿದ ವಿದ್ವಾಂಸರಲ್ಲಿ ಅವರೂ ಒಬ್ಬರಾಗಿದ್ದರು. ಈ ಕಾರಣದಿಂದ ಅವರ ಬರಹಗಳ ಒಂದು ಭಾಗವು ಮುಂದೆ ವಿಮರ್ಶೆಗೆ ಒಳಗಾಯಿತು.

ಹಿನ್ನೆಲೆ: ನುರಾಗೆ ಗೋಪುರಗಳು

ಸಾರ್ಡಿನಿಯಾ ಮೆಡಿಟರೇನಿಯನ್ ಸಮುದ್ರದಲ್ಲಿ ಸಿಸಿಲಿಯ ನಂತರದ ಎರಡನೆಯ ದೊಡ್ಡ ದ್ವೀಪ. ಇಲ್ಲಿ ಇಂದಿಗೂ ಸುಮಾರು 7,000 ನುರಾಗೆಗಳ ಅವಶೇಷಗಳನ್ನು ಗುರುತಿಸಲಾಗಿದೆ. ಇವು ಕಂಚಿನ ಯುಗಕ್ಕೆ, ಮುಖ್ಯವಾಗಿ ಕ್ರಿ.ಪೂ. ಎರಡನೆಯ ಸಹಸ್ರಮಾನಕ್ಕೆ ಸೇರಿದ ರಚನೆಗಳು. ಸಾಮಾನ್ಯ ನುರಾಗೆಯು ಬುಡದಲ್ಲಿ ಅಗಲವಾಗಿದ್ದು ಮೇಲಕ್ಕೆ ಹೋದಂತೆ ಕಿರಿದಾಗುವ ದುಂಡನೆಯ ಗೋಪುರ. ಭಾರವಾದ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಇರಿಸಿ ಇದನ್ನು ಕಟ್ಟಲಾಗಿದೆ. ಒಳಗಿನ ಕೋಣೆಯ ಗೋಡೆಯಲ್ಲಿ ಪ್ರತಿಯೊಂದು ಕಲ್ಲಿನ ವರಸೆಯೂ ಕೆಳಗಿನದಕ್ಕಿಂತ ಸ್ವಲ್ಪ ಒಳಕ್ಕೆ ಚಾಚಿಕೊಂಡಿರುವುದರಿಂದ, ವರಸೆಗಳು ಮೇಲೇರಿದಂತೆ ಹತ್ತಿರವಾಗಿ ತುದಿಯಲ್ಲಿ ಗುಮ್ಮಟದಂತೆ ಕೂಡಿಕೊಳ್ಳುತ್ತವೆ. ದಪ್ಪ ಗೋಡೆಯ ನಡುವೆಯೇ ಮೇಲಂತಸ್ತಿಗೆ ಸುತ್ತಿಕೊಂಡು ಹೋಗುವ ಮೆಟ್ಟಿಲುಗಳಿರುತ್ತವೆ. ದೊಡ್ಡ ನುರಾಗೆಗಳಲ್ಲಿ ನಡುಗೋಪುರದ ಸುತ್ತ ಇನ್ನೂ ಹಲವು ಗೋಪುರಗಳನ್ನು ಗೋಡೆಗಳ ಮೂಲಕ ಜೋಡಿಸಲಾಗಿದೆ.

ಈ ಗೋಪುರಗಳನ್ನು ಕಟ್ಟಿದ ಜನರು ತಮ್ಮ ಬಗ್ಗೆ ಓದಬಲ್ಲ ಯಾವ ಬರಹವನ್ನೂ ಬಿಟ್ಟುಹೋಗಿಲ್ಲ. ಆದುದರಿಂದ ಇವುಗಳನ್ನು ಯಾರು, ಯಾವಾಗ ಮತ್ತು ಏತಕ್ಕಾಗಿ ಕಟ್ಟಿದರು ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಬೇರೆಬೇರೆ ಉತ್ತರಗಳನ್ನು ನೀಡಿದರು. ಅದೇ ಅವಧಿಯಲ್ಲಿ ಗೋಪುರಗಳ ನಾಶವೂ ನಡೆದಿತ್ತು. ಜಮೀನುಗಳಿಗೆ ಬೇಲಿ ಹಾಕಲು ಅನುಮತಿಸಿದ 1820ರ ರಾಜಾಜ್ಞೆಯ ನಂತರ ದ್ವೀಪದಲ್ಲಿ ಕಲ್ಲುಗೋಡೆಗಳು ಹೆಚ್ಚಾದವು. ಅದಕ್ಕೆ ಬೇಕಾದ ಕಲ್ಲು ಹಲವೆಡೆ ಹತ್ತಿರದ ನುರಾಗೆಗಳಿಂದಲೇ ದೊರೆಯಿತು.

ಜನನ ಮತ್ತು ಶಿಕ್ಷಣ

ಸ್ಪಾನೊ ಉತ್ತರ ಸಾರ್ಡಿನಿಯಾದ ಲೊಗುದೊರೊ ಪ್ರದೇಶದ ಪ್ಲೊವಾಗೆ ಎಂಬ ಊರಿನಲ್ಲಿ ಜನಿಸಿದರು. ಈ ಊರಿನ ಆಸುಪಾಸಿನಲ್ಲಿ ನುರಾಗೆಗಳು ಹೇರಳವಾಗಿವೆ. ಹತ್ತಿರದ ನಗರವಾದ ಸಾಸ್ಸರಿಯಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರದ ಪದವಿ ಪಡೆದು, ಪಾದ್ರಿಯಾಗಿ ದೀಕ್ಷೆ ಸ್ವೀಕರಿಸಿದರು.

1830ರ ದಶಕದ ಆರಂಭದಲ್ಲಿ ಸ್ಪಾನೊ ರೋಮ್‌ಗೆ ತೆರಳಿ ಹೀಬ್ರೂ, ಅರಬ್ಬೀ ಮೊದಲಾದ ಪೌರಸ್ತ್ಯ ಭಾಷೆಗಳನ್ನು ಅಭ್ಯಾಸ ಮಾಡಿದರು. ಪ್ರಾಚೀನ ಅವಶೇಷಗಳ ನಡುವೆ ಕಳೆದ ಈ ವರ್ಷಗಳು ಅವರಲ್ಲಿ ಪುರಾತನ ವಸ್ತುಗಳ ಬಗೆಗಿನ ಆಸಕ್ತಿಯನ್ನೂ ಬೆಳೆಸಿದವು. 1834ರಲ್ಲಿ ಅವರು ಕಾಲ್ಯಾರಿ ವಿಶ್ವವಿದ್ಯಾಲಯದಲ್ಲಿ ಪವಿತ್ರ ಗ್ರಂಥ ಮತ್ತು ಪೌರಸ್ತ್ಯ ಭಾಷೆಗಳ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಕಾಲ್ಯಾರಿಯು ದ್ವೀಪದ ದಕ್ಷಿಣ ತೀರದಲ್ಲಿರುವ ರಾಜಧಾನಿ. ಸ್ಪಾನೊ ಅವರ ಉಳಿದ ಜೀವನದ ಬಹುಭಾಗ ಕಳೆದದ್ದು ಈ ನಗರದಲ್ಲಿಯೇ. ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿಯೂ ಕೆಲಸ ಮಾಡಿದ ಅವರು ಮುಂದೆ ಕಾಲ್ಯಾರಿ ಕೆಥೆಡ್ರಲ್‌ನ ಕ್ಯಾನನ್ ಪದವಿಗೇರಿದರು.

ಭಾಷಾ ಅಧ್ಯಯನ

ಪುರಾತತ್ತ್ವಕ್ಕಿಂತ ಮೊದಲು ಸ್ಪಾನೊ ಅವರಿಗೆ ಹೆಸರು ತಂದದ್ದು ಸಾರ್ಡಿನಿಯನ್ ಭಾಷೆಯ ಅಧ್ಯಯನ. ಲ್ಯಾಟಿನ್‌ನಿಂದ ಬೆಳೆದುಬಂದ ಈ ಭಾಷೆಗೆ ಆ ಕಾಲದ ಆಡಳಿತದಲ್ಲಾಗಲಿ ಶಾಲೆಗಳಲ್ಲಾಗಲಿ ಸ್ಥಾನವಿರಲಿಲ್ಲ. ದ್ವೀಪದ ಒಂದೊಂದು ಭಾಗದಲ್ಲಿ ಒಂದೊಂದು ರೂಪದಲ್ಲಿ ಬಳಕೆಯಲ್ಲಿದ್ದ ಆಡುಮಾತನ್ನು ದಾಖಲಿಸಲು ಸ್ಪಾನೊ ಊರೂರು ಸುತ್ತಿದರು. 1840ರಲ್ಲಿ ಅವರ ವ್ಯಾಕರಣ ಗ್ರಂಥವು ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ತಮ್ಮ ಹುಟ್ಟೂರಿನ ಲೊಗುದೊರೊ ಉಪಭಾಷೆಯನ್ನು ಅವರು ಇದರಲ್ಲಿ ಆಧಾರವಾಗಿ ಇಟ್ಟುಕೊಂಡರು. 1851 ಮತ್ತು 1852ರಲ್ಲಿ ಸಾರ್ಡಿನಿಯನ್–ಇಟಾಲಿಯನ್ ಹಾಗೂ ಇಟಾಲಿಯನ್–ಸಾರ್ಡಿನಿಯನ್ ನಿಘಂಟುಗಳು ಹೊರಬಂದವು. ಗಾದೆಗಳ ಸಂಗ್ರಹವನ್ನೂ, ಜನಪದ ಹಾಡುಗಳ ಹಲವು ಸಂಗ್ರಹಗಳನ್ನೂ ಅವರು ಪ್ರಕಟಿಸಿದರು. ಭಾಷಾವಿದ್ವಾಂಸ ರಾಜಕುಮಾರ ಲೂಯಿ ಲೂಸಿಯನ್ ಬೊನಪಾರ್ತ್ ಅವರ ಅಪೇಕ್ಷೆಯಂತೆ ಸ್ಪಾನೊ ಲೊಗುದೊರೊ ಉಪಭಾಷೆಗೆ ಅನುವಾದಿಸಿದ ಮತ್ತಾಯನ ಸುವಾರ್ತೆಯು 1858ರಲ್ಲಿ ಲಂಡನ್‌ನಲ್ಲಿ ಮುದ್ರಣಗೊಂಡಿತು.

ಪದಗಳಿಗಾಗಿ ಕೈಗೊಂಡ ಈ ಪ್ರವಾಸಗಳು ಅವರನ್ನು ಸ್ಮಾರಕಗಳತ್ತಲೂ ಒಯ್ದವು. ಹೊಲಗಳಲ್ಲಿ ದೊರೆತ ನಾಣ್ಯ, ಶಾಸನ ಮತ್ತು ಕಂಚಿನ ವಸ್ತುಗಳ ಸುದ್ದಿಯನ್ನು ಅವರಿಗೆ ತಲುಪಿಸುವ ಪಾದ್ರಿಗಳು, ಶಿಕ್ಷಕರು ಮತ್ತು ಭೂಮಾಲೀಕರ ಬಳಗವೊಂದು ದ್ವೀಪದಾದ್ಯಂತ ರೂಪುಗೊಂಡಿತು.

ನುರಾಗೆಗಳ ಕುರಿತ ವಾದ

ಸ್ಪಾನೊ ಅವರ ಕಾಲಕ್ಕೆ ನುರಾಗೆಗಳ ಕುರಿತು ಅತ್ಯಂತ ಅಧಿಕೃತವೆನಿಸಿದ್ದ ಬರಹಗಳು ಆಲ್ಬೆರ್ತೊ ಲಾ ಮಾರ್ಮೊರಾ (1789–1863) ಅವರದು. ಪೀಡ್‌ಮಾಂಟ್ ಮೂಲದ ಈ ಸೇನಾಧಿಕಾರಿ ದ್ವೀಪವನ್ನು ದಶಕಗಳ ಕಾಲ ಅಳೆದು, ನಕ್ಷೆ ತಯಾರಿಸಿ, ಅನೇಕ ಗೋಪುರಗಳ ಚಿತ್ರಗಳನ್ನು ಬಿಡಿಸಿದ್ದರು. ಪ್ರಾಚೀನ ಸ್ಮಾರಕಗಳಿಗೆ ಮೀಸಲಾದ ಅವರ ಸಂಪುಟ 1840ರಲ್ಲಿ ಪ್ರಕಟವಾಗಿತ್ತು. ನುರಾಗೆಗಳಿಗೆ ಧಾರ್ಮಿಕ ಹಾಗೂ ಶವಸಂಸ್ಕಾರದ ಉದ್ದೇಶಗಳಿದ್ದವು ಎಂಬ ಅಭಿಪ್ರಾಯದತ್ತ ಲಾ ಮಾರ್ಮೊರಾ ಒಲಿದಿದ್ದರು.

1854ರಲ್ಲಿ ಪ್ರಕಟಿಸಿದ ನುರಾಗೆಗಳ ಕುರಿತ ಪ್ರಬಂಧದಲ್ಲಿ ಸ್ಪಾನೊ ಇದಕ್ಕೆ ವಿರುದ್ಧವಾದ ನಿಲುವು ತಳೆದರು. ಅವರ ಪ್ರಕಾರ ನುರಾಗೆಗಳು ದ್ವೀಪದ ಆದಿನಿವಾಸಿಗಳ ವಾಸದ ಮನೆಗಳು. ಕಟ್ಟಡದ ರಚನೆ, ಅದು ನಿಂತಿರುವ ಸ್ಥಳ ಮತ್ತು ಒಳಗೆ ದೊರೆತ ವಸ್ತುಗಳು ಅವರ ವಾದಕ್ಕೆ ಆಧಾರವಾಗಿದ್ದವು. ಮೆಟ್ಟಿಲು, ಗೋಡೆಗೂಡು ಮತ್ತು ಮೇಲಂತಸ್ತಿನ ಕೋಣೆಗಳು ಸತ್ತವರಿಗಿಂತ ಬದುಕಿದವರ ಅಗತ್ಯಕ್ಕೆ ಹೊಂದುತ್ತವೆ. ಒಳಗೆ ಸಿಗುವ ಮಡಕೆಯ ಚೂರು, ಬೀಸುವ ಕಲ್ಲು ಮುಂತಾದವು ದಿನಬಳಕೆಯ ಸಾಮಾನುಗಳು. ಇಷ್ಟು ದೊಡ್ಡ ಸಂಖ್ಯೆಯ ಕಟ್ಟಡಗಳು ಬೆಟ್ಟ, ಬಯಲು, ಹುಲ್ಲುಗಾವಲುಗಳಲ್ಲೆಲ್ಲ ಹರಡಿರುವುದೂ ಜನವಸತಿಯನ್ನೇ ಸೂಚಿಸುತ್ತದೆ. ಈ ಪ್ರಬಂಧವನ್ನು ಪರಿಷ್ಕರಿಸಿ ಅವರು 1867ರಲ್ಲಿ ಮತ್ತೆ ಪ್ರಕಟಿಸಿದರು.

ವಾದದ ಎಲ್ಲ ಅಂಶಗಳೂ ಮುಂದಿನ ಸಂಶೋಧನೆಯಲ್ಲಿ ಉಳಿದುಕೊಳ್ಳಲಿಲ್ಲ. ಪವಿತ್ರ ಗ್ರಂಥ ಮತ್ತು ಪೌರಸ್ತ್ಯ ಭಾಷೆಗಳ ಪಾಂಡಿತ್ಯದ ಹಿನ್ನೆಲೆಯಲ್ಲಿ ಸ್ಪಾನೊ ಈ ಗೋಪುರಗಳ ನಿರ್ಮಾಪಕರು ಪೂರ್ವದೇಶಗಳಿಂದ ವಲಸೆ ಬಂದವರೆಂದು ಭಾವಿಸಿದರು. ನುರಾಗೆ ಎಂಬ ಪದವನ್ನೂ ಬೆಂಕಿ ಎಂಬರ್ಥದ ಸೆಮಿಟಿಕ್ ಧಾತುವಿನೊಂದಿಗೆ ಜೋಡಿಸಿದರು. ಈ ವ್ಯುತ್ಪತ್ತಿಯನ್ನು ಇಂದು ಒಪ್ಪಲಾಗುವುದಿಲ್ಲ. ಪದದ ಮೂಲವು ರೋಮನ್ನರಿಗಿಂತ ಹಿಂದಿನ ಸ್ಥಳೀಯ ಭಾಷೆಯದೆಂದೂ, ಅದು ಕಲ್ಲಿನ ರಾಶಿ ಅಥವಾ ಪೊಳ್ಳು ಎಂಬರ್ಥಕ್ಕೆ ಸಂಬಂಧಿಸಿದ್ದೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ನುರಾಗೆ ಸಂಸ್ಕೃತಿಯು ದ್ವೀಪದಲ್ಲಿಯೇ ಬೆಳೆದದ್ದು ಹಾಗೂ ಫಿನೀಷಿಯನ್ನರ ನೆಲೆಗಳಿಗಿಂತ ಬಹಳ ಹಿಂದಿನದು ಎಂಬುದು ಈಗ ಸ್ಥಾಪಿತವಾಗಿದೆ.

ಅಭಿಪ್ರಾಯಭೇದವಿದ್ದರೂ ಸ್ಪಾನೊ ಲಾ ಮಾರ್ಮೊರಾ ಅವರ ಕೆಲಸವನ್ನು ಗೌರವಿಸುತ್ತಿದ್ದರು. ದ್ವೀಪದ ಪ್ರವಾಸ ಕುರಿತು ಲಾ ಮಾರ್ಮೊರಾ ಫ್ರೆಂಚ್‌ನಲ್ಲಿ ಬರೆದ ಗ್ರಂಥವನ್ನು ಅವರು ಇಟಾಲಿಯನ್ ಭಾಷೆಗೆ ಸಂಗ್ರಹಿಸಿ ಅನುವಾದಿಸಿ, ತಮ್ಮ ಟಿಪ್ಪಣಿಗಳೊಡನೆ 1868ರಲ್ಲಿ ಪ್ರಕಟಿಸಿದರು.

ಪುರಾತತ್ತ್ವ ಪತ್ರಿಕೆ ಮತ್ತು ಶೋಧಗಳು

1851ರಲ್ಲಿ ದ್ವೀಪದ ಪಶ್ಚಿಮ ತೀರದ ಪ್ರಾಚೀನ ನಗರ ಥಾರೊಸ್‌ನ ಸಮಾಧಿಗಳಲ್ಲಿ ಚಿನ್ನದ ಆಭರಣಗಳು ದೊರೆತ ಸುದ್ದಿ ಹರಡಿ, ಸುತ್ತಲಿನ ಊರುಗಳ ಜನ ಗುಂಪುಗುಂಪಾಗಿ ಅಲ್ಲಿ ಅಗೆಯತೊಡಗಿದರು. ಅಪಾರ ಸಂಖ್ಯೆಯ ವಸ್ತುಗಳು ಯಾವ ದಾಖಲೆಯೂ ಇಲ್ಲದೆ ಮಾರಾಟವಾಗಿ ಚದುರಿಹೋದವು. ಥಾರೊಸ್ ಕುರಿತು ಸ್ವತಃ ಅಧ್ಯಯನ ನಡೆಸಿದ್ದ ಸ್ಪಾನೊ ಅದೇ ವರ್ಷ ಆ ನಗರದ ಬಗ್ಗೆ ಕೃತಿಯೊಂದನ್ನು ಪ್ರಕಟಿಸಿದರು.

ದೊರೆತ ವಸ್ತುಗಳನ್ನು ಕೂಡಲೇ ದಾಖಲಿಸುವ ವ್ಯವಸ್ಥೆಯಾಗಿ 1855ರಲ್ಲಿ ಅವರು ಸಾರ್ಡಿನಿಯಾದ ಪುರಾತತ್ತ್ವಕ್ಕೆ ಮೀಸಲಾದ ಪತ್ರಿಕೆಯನ್ನು ಆರಂಭಿಸಿದರು. ಅದರ ಲೇಖನಗಳಲ್ಲಿ ಹೆಚ್ಚಿನವನ್ನು ಅವರೇ ಬರೆಯುತ್ತಿದ್ದರು. 1864ರವರೆಗೆ ನಡೆದ ಈ ಪತ್ರಿಕೆ ನಿಂತ ಮೇಲೆ, 1865ರಿಂದ 1876ರವರೆಗೆ ದ್ವೀಪದಲ್ಲಿ ನಡೆದ ಶೋಧಗಳ ವಾರ್ಷಿಕ ವರದಿಗಳನ್ನು ಪ್ರಕಟಿಸಿದರು. ಹೀಗೆ ಎರಡು ದಶಕಗಳಿಗೂ ಹೆಚ್ಚು ಕಾಲದ ನಿರಂತರ ದಾಖಲೆ ಉಳಿಯಿತು. ಆಮೇಲೆ ಕಳೆದುಹೋದ ಅಥವಾ ನಾಶವಾದ ಹಲವು ವಸ್ತುಗಳ ಬಗ್ಗೆ ತಿಳಿಯಲು ಈ ಪುಟಗಳೇ ಆಧಾರವಾಗಿವೆ.

ಅವರು ವಿವರಿಸಿ ಪ್ರಕಟಿಸಿದ ಶಾಸನಗಳಲ್ಲಿ ಎರಡು ವಿಶೇಷವಾಗಿ ಪ್ರಸಿದ್ಧವಾಗಿವೆ. ಮೊದಲನೆಯದು ಸಾನ್ ನಿಕೊಲೊ ಜೆರ್ರೇಯಿ ಎಂಬಲ್ಲಿ 1861ರಲ್ಲಿ ದೊರೆತ ಕಂಚಿನ ಪೀಠ. ಇದರ ಮೇಲೆ ಲ್ಯಾಟಿನ್, ಗ್ರೀಕ್ ಮತ್ತು ಪ್ಯೂನಿಕ್ ಎಂಬ ಮೂರು ಭಾಷೆಗಳ ಬರಹವಿದೆ. ಉಪ್ಪಿನ ಗುತ್ತಿಗೆದಾರರ ಸೇವೆಯಲ್ಲಿದ್ದ ಕ್ಲಿಯೋನ್ ಎಂಬ ದಾಸನೊಬ್ಬನು ಆರೋಗ್ಯದ ದೇವತೆಗೆ ಸಲ್ಲಿಸಿದ ಹರಕೆಯ ಕಾಣಿಕೆ ಇದು. ಒಬ್ಬನೇ ದೇವನನ್ನು ಗ್ರೀಕ್ ಮತ್ತು ಪ್ಯೂನಿಕ್ ಬರಹಗಳು ತಮ್ಮ ತಮ್ಮ ಹೆಸರಿನಿಂದ ಕರೆಯುತ್ತವೆ. ಎರಡನೆಯದು ಎಸ್ತೆರ್ಜಿಲಿ ಎಂಬಲ್ಲಿ 1866ರಲ್ಲಿ ರೈತನೊಬ್ಬನಿಗೆ ದೊರೆತ ಕಂಚಿನ ಫಲಕ. ಎರಡು ಸಮುದಾಯಗಳ ನಡುವಿನ ಗಡಿ ವಿವಾದದಲ್ಲಿ ರೋಮನ್ ಪ್ರಾಂತಾಧಿಕಾರಿ ಲೂಸಿಯಸ್ ಹೆಲ್ವಿಯಸ್ ಅಗ್ರಿಪ್ಪ ಕ್ರಿ.ಶ. 69ರಲ್ಲಿ ನೀಡಿದ ತೀರ್ಪು ಇದರಲ್ಲಿದೆ. ಬಲಾತ್ಕಾರವಾಗಿ ಆಕ್ರಮಿಸಿದ ಭೂಮಿಯನ್ನು ಬಿಟ್ಟು ಹೊರಡಬೇಕೆಂದು ಗಾಲಿಲ್ಲೆನ್ಸೆಸ್ ಎಂಬ ಜನರಿಗೆ ಅದು ಆಜ್ಞಾಪಿಸುತ್ತದೆ.

1866ರಿಂದ ಕಾಲ್ಯಾರಿಯ ರೋಮನ್ ಬಯಲು ರಂಗಮಂದಿರದ ಮಣ್ಣು ತೆರವುಗೊಳಿಸುವ ಕಾರ್ಯ ಸ್ಪಾನೊ ಅವರ ಮೇಲ್ವಿಚಾರಣೆಯಲ್ಲಿ ನಡೆಯಿತು. ಅದರ ಇತಿಹಾಸ ಮತ್ತು ವಿವರಣೆಯನ್ನು ಅವರು 1868ರಲ್ಲಿ ಪ್ರಕಟಿಸಿದರು.

ಆರ್ಬೊರೇಯಾ ಪತ್ರಗಳ ವಿವಾದ

1847ರಲ್ಲಿ ಸಾರ್ಡಿನಿಯಾ ತನ್ನ ಪ್ರತ್ಯೇಕ ಆಡಳಿತ ಸಂಸ್ಥೆಗಳನ್ನು ಬಿಟ್ಟುಕೊಟ್ಟು ಸವೊಯ್ ರಾಜವಂಶದ ಮುಖ್ಯ ಭೂಭಾಗದ ಆಡಳಿತದೊಂದಿಗೆ ಸಂಪೂರ್ಣವಾಗಿ ವಿಲೀನವಾಯಿತು. ದ್ವೀಪದ ವಿದ್ಯಾವಂತರಲ್ಲಿ ತಮ್ಮ ನಾಡಿಗೂ ಒಂದು ಘನವಾದ ಇತಿಹಾಸವಿದೆ ಎಂದು ತೋರಿಸುವ ಬಯಕೆ ಆ ಕಾಲದಲ್ಲಿ ಬಲವಾಗಿತ್ತು. 1845ರಿಂದ ಕಾಲ್ಯಾರಿಯ ಗ್ರಂಥಾಲಯಕ್ಕೆ ಮತ್ತು ವಿದ್ವಾಂಸರ ಕೈಗೆ ಒಂದೊಂದಾಗಿ ಬಂದು ಸೇರತೊಡಗಿದ ಹಳೆಯ ಚರ್ಮಪತ್ರಗಳು ಮತ್ತು ಕಾಗದಗಳು ಆ ಬಯಕೆಗೆ ಸರಿಯಾಗಿ ಹೊಂದಿಕೊಂಡವು. ಮಧ್ಯಯುಗದ ಆರ್ಬೊರೇಯಾ ರಾಜ್ಯಕ್ಕೆ ಸೇರಿದವೆಂದು ಹೇಳಲಾದ ಈ ಪತ್ರಗಳಲ್ಲಿ ಜಾಲೆತೊ ಎಂಬ ವಿಮೋಚಕ ರಾಜನ ಚರಿತ್ರೆಯಿತ್ತು. ಇಟಲಿಯ ಅತಿ ಹಳೆಯ ಕಾವ್ಯಕ್ಕಿಂತಲೂ ಹಿಂದಿನವೆನ್ನಲಾದ ಕವಿತೆಗಳೂ ಇದ್ದವು.

ಗ್ರಂಥಪಾಲಕ ಪಿಯೆತ್ರೊ ಮಾರ್ತಿನಿ ಈ ಪತ್ರಗಳನ್ನು 1860ರ ದಶಕದಲ್ಲಿ ಒಟ್ಟಾಗಿ ಪ್ರಕಟಿಸಿದರು. ಅವುಗಳನ್ನು ನಂಬಿದವರಲ್ಲಿ ದ್ವೀಪದ ಒಳಗಿನ ಮತ್ತು ಹೊರಗಿನ ಅನೇಕ ಗಣ್ಯರಿದ್ದರು. ಸ್ಪಾನೊ ಕೂಡ ತಮ್ಮ ಪತ್ರಿಕೆಯಲ್ಲಿ ಮತ್ತು ಇತರ ಬರಹಗಳಲ್ಲಿ ಅವುಗಳನ್ನು ಐತಿಹಾಸಿಕ ಆಧಾರವಾಗಿ ಬಳಸಿಕೊಂಡರು. ಸಂಶಯಗಳು ಹೆಚ್ಚಾದಾಗ ಮಾದರಿ ಪತ್ರಗಳನ್ನು ಬರ್ಲಿನ್‌ನ ವಿಜ್ಞಾನ ಅಕಾಡೆಮಿಗೆ ಪರಿಶೀಲನೆಗಾಗಿ ಕಳುಹಿಸಲಾಯಿತು. ಥಿಯೊಡೋರ್ ಮಾಮ್‌ಸೆನ್ ಮುಂತಾದ ವಿದ್ವಾಂಸರು ಲಿಪಿ, ಭಾಷೆ ಮತ್ತು ಒಳಗಿನ ವಿಷಯಗಳನ್ನು ಪರೀಕ್ಷಿಸಿ, ಅವು ಕೃತಕವೆಂದು 1870ರಲ್ಲಿ ತೀರ್ಮಾನಿಸಿದರು.

ದ್ವೀಪದ ಪ್ರಾಚೀನತೆಯ ಅಧ್ಯಯನದಲ್ಲಿ ಕಂಡುಬಂದ ಕೃತಕ ವಸ್ತುಗಳು ಇವಿಷ್ಟೇ ಅಲ್ಲ. ಲಾ ಮಾರ್ಮೊರಾ 1840ರಲ್ಲಿ ಪ್ರಕಟಿಸಿದ, ಕಾಲ್ಯಾರಿ ವಸ್ತುಸಂಗ್ರಹಾಲಯದ ವಿಚಿತ್ರ ಕಂಚಿನ ವಿಗ್ರಹಗಳಲ್ಲಿ ಹಲವು ಮುಂದೆ ನಕಲಿ ಎಂದು ಸಿದ್ಧವಾದವು. ನುರಾಗೆ ಕಾಲದ ಅಸಲಿ ಕಂಚಿನ ಪ್ರತಿಮೆಗಳ ಅಧ್ಯಯನಕ್ಕೆ ಅವು ಬಹುಕಾಲ ಅಡ್ಡಿಯಾಗಿದ್ದವು.

ಬರ್ಲಿನ್‌ನ ತೀರ್ಮಾನದಿಂದ ಸ್ಪಾನೊ ಅವರ ಎಲ್ಲ ಕೆಲಸವೂ ಬಿದ್ದುಹೋಗಲಿಲ್ಲ. ಪತ್ರಗಳನ್ನು ಅವಲಂಬಿಸಿದ ಐತಿಹಾಸಿಕ ಭಾಗಗಳು ಬೆಲೆ ಕಳೆದುಕೊಂಡವು. ನೇರವಾಗಿ ಸ್ಮಾರಕ, ಶಾಸನ ಮತ್ತು ವಸ್ತುಗಳನ್ನು ನೋಡಿ ಬರೆದ ವಿವರಗಳು ಉಳಿದುಕೊಂಡವು. ಲ್ಯಾಟಿನ್ ಶಾಸನಗಳ ಮಹಾಸಂಪುಟಗಳ ಸಂಪಾದಕರಾಗಿದ್ದ ಮಾಮ್‌ಸೆನ್ 1877ರಲ್ಲಿ ಸಾರ್ಡಿನಿಯಾಕ್ಕೆ ಭೇಟಿ ನೀಡಿದರು. ದ್ವೀಪದ ಶಾಸನಗಳನ್ನು ಒಳಗೊಂಡ ಹತ್ತನೆಯ ಸಂಪುಟವು 1883ರಲ್ಲಿ ಹೊರಬಂದಾಗ, ಸ್ಪಾನೊ ಪ್ರಕಟಿಸಿದ್ದ ಪಾಠಗಳು ಅದರ ಪ್ರಮುಖ ಆಕರಗಳಲ್ಲಿ ಸೇರಿದ್ದವು.

ಸಾರ್ವಜನಿಕ ಹುದ್ದೆಗಳು ಮತ್ತು ಕೊನೆಯ ವರ್ಷಗಳು

ಸ್ಪಾನೊ 1857ರಿಂದ 1868ರವರೆಗೆ ಕಾಲ್ಯಾರಿ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದರು. 1871ರಲ್ಲಿ ಇಟಲಿ ಸಾಮ್ರಾಜ್ಯದ ಸೆನೆಟ್‌ಗೆ ನೇಮಕಗೊಂಡರು. ಅದೇ ವರ್ಷ ಬೊಲೊನ್ಯಾ ನಗರದಲ್ಲಿ ಪ್ರಾಗಿತಿಹಾಸದ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಸಾರ್ಡಿನಿಯಾದ ಸ್ಮಾರಕಗಳಲ್ಲಿ ಕಾಣುವ ಪ್ರಾಗೈತಿಹಾಸಿಕ ಯುಗದ ಕುರಿತ ಅವರ ಕೃತಿಯೂ 1871ರಲ್ಲಿಯೇ ಪ್ರಕಟವಾಯಿತು. ಅರುವತ್ತೆಂಟರ ವಯಸ್ಸಿನಲ್ಲಿ, ಬೈಬಲ್ ಮತ್ತು ಗ್ರೀಕ್–ರೋಮನ್ ಗ್ರಂಥಗಳ ಆಧಾರದ ಮೇಲೆ ರೂಪಿಸಿಕೊಂಡಿದ್ದ ತಮ್ಮ ಕಾಲಗಣನೆಯನ್ನು ಪ್ರಾಗಿತಿಹಾಸವೆಂಬ ಹೊಸ ಶಾಸ್ತ್ರದೊಂದಿಗೆ ಹೊಂದಿಸುವ ಪ್ರಯತ್ನವನ್ನು ಅವರು ಇದರಲ್ಲಿ ಮಾಡಿದರು.

1875ರಲ್ಲಿ ಸ್ಪಾನೊ ಅವರನ್ನು ಸಾರ್ಡಿನಿಯಾದ ವಸ್ತುಸಂಗ್ರಹಾಲಯಗಳು ಮತ್ತು ಉತ್ಖನನಗಳ ಆಯುಕ್ತರನ್ನಾಗಿ ನೇಮಿಸಲಾಯಿತು. ತಮ್ಮ ಅಧ್ಯಯನದ ಆರಂಭವನ್ನು ವಿವರಿಸುವ ಆತ್ಮಕಥೆಯನ್ನು ಅವರು 1876ರಲ್ಲಿ ಪ್ರಕಟಿಸಿದರು. ಜೀವನವಿಡೀ ಕೂಡಿಸಿದ್ದ ಪ್ರಾಚೀನ ವಸ್ತುಗಳನ್ನು ಕಾಲ್ಯಾರಿಯ ವಸ್ತುಸಂಗ್ರಹಾಲಯಕ್ಕೂ, ವರ್ಣಚಿತ್ರಗಳ ಸಂಗ್ರಹವನ್ನು ಹುಟ್ಟೂರು ಪ್ಲೊವಾಗೆಗೂ ದಾನವಾಗಿ ನೀಡಿದರು. 1878ರ ಏಪ್ರಿಲ್ 3ರಂದು ಕಾಲ್ಯಾರಿಯಲ್ಲಿ ಅವರು ನಿಧನರಾದರು. ಅವರ ಸಮಾಧಿ ಆ ನಗರದ ಬೊನಾರಿಯಾ ಸ್ಮಶಾನದಲ್ಲಿದೆ.

ಪರಂಪರೆ

ನುರಾಗೆಗಳ ಬಳಕೆಯ ಪ್ರಶ್ನೆಯು ಸ್ಪಾನೊ ಅವರೊಂದಿಗೆ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ಆಂತೋನಿಯೊ ತರಾಮೆಲ್ಲಿ ದ್ವೀಪದ ಹಲವೆಡೆ ಉತ್ಖನನಗಳನ್ನು ನಡೆಸಿದರು. 1951ರಿಂದ 1956ರವರೆಗೆ ಜೊವಾನ್ನಿ ಲಿಲ್ಲಿಯು ತಮ್ಮ ಹುಟ್ಟೂರಾದ ಬರೂಮಿನಿಯ ಸು ನುರಾಕ್ಸಿ ಎಂಬ ನುರಾಗೆಯನ್ನು ಪೂರ್ಣವಾಗಿ ಅಗೆದು ಹೊರತೆಗೆದರು. ಗೋಪುರಗಳ ಸುತ್ತ ದುಂಡುಮನೆಗಳ ಹಳ್ಳಿಯೇ ಅಲ್ಲಿ ಪ್ರಕಟವಾಯಿತು. ಈ ತಾಣವು 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಲಿಲ್ಲಿಯು ದೊಡ್ಡ ನುರಾಗೆಗಳನ್ನು ಕೋಟೆಗಳಾಗಿ ಕಂಡರು. ಒಂದೇ ಗೋಪುರವು ಕಾಲಕಾಲಕ್ಕೆ ವಾಸ, ಕಾವಲು, ದಾಸ್ತಾನು ಮತ್ತು ಆಚರಣೆಯ ನೆಲೆಯಾಗಿ ಬೇರೆಬೇರೆ ರೀತಿಯಲ್ಲಿ ಬಳಕೆಯಾಗಿರಬಹುದು ಎಂಬ ಅಭಿಪ್ರಾಯವೂ ಇಂದು ಪ್ರಚಲಿತವಾಗಿದೆ. ನುರಾಗೆಗಳು ಮೂಲತಃ ಸಮಾಧಿಗಳಲ್ಲ ಎಂಬ ಸ್ಪಾನೊ ಅವರ ನಿಲುವು ಮಾತ್ರ ಸ್ಥಿರವಾಗಿ ನಿಂತಿದೆ. ನುರಾಗೆ ಜನರು ಸತ್ತವರನ್ನು ಹೂಳುತ್ತಿದ್ದುದು ಸ್ಥಳೀಯರು ದೈತ್ಯರ ಸಮಾಧಿಗಳೆಂದು ಕರೆಯುವ ಬೇರೆ ಬಗೆಯ ಉದ್ದನೆಯ ಕಲ್ಲುಕಟ್ಟಡಗಳಲ್ಲಿ ಎಂಬುದು ತಿಳಿದುಬಂದಿದೆ.

ಅವರ ನಿಘಂಟು ಮತ್ತು ಹಾಡುಗಳ ಸಂಗ್ರಹಗಳು ಸಾರ್ಡಿನಿಯನ್ ಭಾಷೆಯ ಅಧ್ಯಯನದಲ್ಲಿ ಈಗಲೂ ಬಳಕೆಯಲ್ಲಿವೆ. ಅವರು ದಾನ ನೀಡಿದ ವರ್ಣಚಿತ್ರಗಳನ್ನು ಪ್ಲೊವಾಗೆಯ ಚಿತ್ರಶಾಲೆಯಲ್ಲಿ ಕಾಣಬಹುದು.

ಪ್ರಮುಖ ಕೃತಿಗಳು

ಸಾರ್ಡಿನಿಯನ್ ಭಾಷೆಯ ವ್ಯಾಕರಣ, ಎರಡು ಸಂಪುಟಗಳು (1840)
ಥಾರೊಸ್ ನಗರದ ಕುರಿತ ಕೃತಿ (1851)
ಸಾರ್ಡಿನಿಯನ್–ಇಟಾಲಿಯನ್ ಮತ್ತು ಇಟಾಲಿಯನ್–ಸಾರ್ಡಿನಿಯನ್ ನಿಘಂಟು (1851–1852)
ಸಾರ್ಡಿನಿಯಾದ ನುರಾಗೆಗಳ ಕುರಿತ ಪ್ರಬಂಧ (1854; ಪರಿಷ್ಕೃತ ಆವೃತ್ತಿ 1867)
ಸಾರ್ಡಿನಿಯಾದ ಪುರಾತತ್ತ್ವ ಪತ್ರಿಕೆಯ ಸಂಪುಟಗಳು (1855–1864)
ಕಾಲ್ಯಾರಿ ನಗರ ಮತ್ತು ಅದರ ಪರಿಸರದ ಕೈಪಿಡಿ (1861)
ಕಾಲ್ಯಾರಿಯ ರೋಮನ್ ಬಯಲು ರಂಗಮಂದಿರದ ಇತಿಹಾಸ ಮತ್ತು ವಿವರಣೆ (1868)
ಸಾರ್ಡಿನಿಯಾದ ಪ್ರಾಗೈತಿಹಾಸಿಕ ಯುಗದ ಕುರಿತ ಕೃತಿ (1871)
ಆತ್ಮಕಥೆ (1876)